ಹತ್ತು ತಾಸು ಮಲಗಿ ರಾಫ್ಟ್ ಹತ್ತಿದೆ

ಗೆಳೆಯರೇ, ಬೆಳಗಿನ ಟ್ರಿಪ್ ರದ್ದಾಗಿತ್ತು. ದಿನಾ ಆರು ತಾಸು ಮಲಗುವ ನಾನು ಇವತ್ತು ಹತ್ತು ತಾಸು ಮಲಗಿದೆ. ರಾಫ್ಟ್ ನಡೆಸುವ ಗೈಡ್ ನಾನು; ಹನ್ನೊಂದಕ್ಕೆ ಗಣೇಶಗುಡಿಯಲ್ಲಿ ಆರು ಜನರನ್ನು ಆ ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಹೊರಟಾಗ ತಲೆಯೊಳಗೆ ಬರೀ ಹತ್ತಿ, ಮುಖದ ಮೇಲೆ ಸುಮ್ಮನೆ ಒಂದು ನಗು. ಕಾಳಿ ನದಿ ಹಾಸಿಟ್ಟ ಚಾದರದಂತೆ ಕಾಣುತ್ತಿತ್ತು.

"ನಾ ಹೇಳಿದಾಗಷ್ಟ ಹುಟ್ಟು ಹಾಕ್ರಿ" ಎಂದು ಮೊದಲೇ ಹೇಳಿದ್ದೆ. ಪಾಪ, ಎಲ್ಲರೂ ಹುಟ್ಟು ಎತ್ತಿ ಹಿಡಿದು ನನ್ನ ಮಾತಿಗೆ ಕಾದರು. ನಾನೋ, ಎದುರಿನ ಬಿಳಿ ನೊರೆ ಎಷ್ಟು ಮೆತ್ತಗಿದೆ ಎಂದು ನೋಡುತ್ತ ಕುಳಿತೆ. ರಾಫ್ಟ್ ಹಿಂದುಮುಂದಾಗಿ ಸೆಳವಿಗೆ ಇಳಿಯಿತು. ಮುಖಕ್ಕೆ ನೀರು ರಾಚಿದಾಗ ನೋಡಿದರೆ ಬಂಡೆ ನಾಲ್ಕೇ ಮೊಳ ದೂರ. ಆಗ ಬಾಯಿ ಬಂತು: "ಹಾಕ್ರಿ, ಹಾಕ್ರಿ." ರಾಫ್ಟ್ ಗರ್ರನೆ ತಿರುಗಿ ಬಂಡೆಯ ಪಕ್ಕದಲ್ಲೇ ಜಾರಿ ಪಾರಾಯಿತು.

ದಡಕ್ಕೆ ಇಳಿದ ಮೇಲೆ ರಾಫ್ಟಿನಲ್ಲಿದ್ದ ಹುಡುಗರು, "ಅಣ್ಣಾ, ಆ ತಿರುಗಿಸಿದ್ದು ಭಾರಿ ಇತ್ತು" ಎಂದರು. ಬೇಕೆಂದೇ ಮಾಡಿದವನಂತೆ ತಲೆಯಾಡಿಸಿದೆ. ಅವರ ಜೊತೆ ಧಾರವಾಡದಿಂದ ಬಂದು ರಾಫ್ಟಿನಲ್ಲೂ ಕುಳಿತಿದ್ದ ಅವರ ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ತಮ್ಮಾ, ರಾತ್ರಿ ನಿದ್ದಿ ಆಗಿಲ್ಲೇನು?"

"ಹತ್ತು ತಾಸು ಆಗೇತ್ರಿ, ಅಕ್ಕಾರ."

"ಹಂಗಾರ ಮಲಗೂದಂತೂ ಆಗೇತಿ. ಏಳೂದೊಂದು ಉಳದೈತಿ."