ಸ್ಟುಡಿಯೋದ ಕೋಟು

ಎರಡು ಕಚೇರಿಗಳಲ್ಲಿ ಕೆಲಸ ಸಿಗದೆ ಹೋದ ಮೇಲೆ ನನ್ನ ಬೆನ್ನು ತಾನಾಗಿಯೇ ಬಾಗಿಹೋಗಿತ್ತು. ಮೂರನೆಯ ಸಂದರ್ಶನಕ್ಕೆ ಫೋಟೋ ಬೇಕೆಂದು ಬಲ್ಮಠದ ಒಂದು ಸ್ಟುಡಿಯೋಗೆ ಹೋದೆ. ಅರವತ್ತರ ದಶಕದ ಸುರು ಅದು; ನಮ್ಮಂಥವರಲ್ಲಿ ಕೋಟು ಎಲ್ಲಿತ್ತು? ಸ್ಟುಡಿಯೋದಲ್ಲಿ ಊರಿಗೆಲ್ಲ ಒಂದೇ ಕೋಟು.

ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಫೋಟೋ ತೆಗೆಯುವ ಹುಸೇನ್ ಬ್ಯಾರಿಗಳು ಹೆಚ್ಚಾದದ್ದನ್ನು ಬೆನ್ನ ಹಿಂದೆ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದರು. ನಾನು ಎಂದಿನಂತೆ ಬಾಗಿ ಕೂತೆ. ಟಪ್ಪೆಂದು ಕ್ಲಿಪ್ಪು ಹಾರಿತು.

“ಎಂತ ಮಾರಾಯ್ರೆ, ಮನೆಯಲ್ಲಿ ಯಾರಾದ್ರೂ ತೀರಿಹೋದ್ರಾ? ನೆಟ್ಟಗೆ ಕೂತ್ಕೊಳ್ಳಿ!”

“ಕೆಲಸ ಇಲ್ಲ ಬ್ಯಾರಿಗಳೇ. ನೆಟ್ಟಗೆ ಕೂರ್ಲಿಕ್ಕೆ ಮನಸ್ಸು ಬರುವುದಿಲ್ಲ.”

“ಮನಸ್ಸನ್ನು ಯಾರು ಕೇಳಿದ್ರು? ನನಗೆ ಕ್ಲಿಪ್ಪು ನಿಲ್ಲಬೇಕು!”

ಕ್ಲಿಪ್ಪಿಗೆ ಹೆದರಿ ನೆಟ್ಟಗೆ ಕೂತೆ. ಅವರು ದೀಪ ಸರಿಸುತ್ತ, ಕರಿಬಟ್ಟೆಯೊಳಗೆ ತಲೆ ಹಾಕುತ್ತ ತುಂಬ ಹೊತ್ತು ಮಾಡಿದರು. ಅಷ್ಟರಲ್ಲಿ ನನ್ನ ಉಸಿರು ಸಲೀಸಾಯಿತು. ಎದುರಿನ ಕನ್ನಡಿಯಲ್ಲಿ ಕೂತವನು, ನಿಜ ಹೇಳ್ತೇನೆ, ಕೆಲಸ ಸಿಗುವವನ ಹಾಗೆಯೇ ಕಂಡ.

ಮುಂದಿನ ವಾರ ಕದ್ರಿಯ ಕಚೇರಿಯಲ್ಲಿ, ಬೆನ್ನಿಗೆ ಕ್ಲಿಪ್ಪು ಉಂಟೆಂದೇ ತಿಳಿದು ಕೂತೆ. ಅಧಿಕಾರಿ ಫೋಟೋ ನೋಡಿದರು, ನನ್ನನ್ನು ನೋಡಿದರು.

“ಬೆನ್ನು ನೋವುಂಟಾ?”

“ಇಲ್ಲ ಸಾರ್, ನೆಟ್ಟಗೆ ಕೂರ್ಲಿಕ್ಕೆ ಅಭ್ಯಾಸ ಮಾಡ್ತಾ ಇದ್ದೇನೆ.”

ಅವರು ನಕ್ಕರು. ಸಂದರ್ಶನದಲ್ಲಿ ಮೊದಲ ಸಲ ನಾನೂ ನಕ್ಕೆ. ಕೆಲಸ ಸಿಕ್ಕಿತು.

ಆ ಫೋಟೋ ಈಗಲೂ ಗೋಡೆಯಲ್ಲುಂಟು. ಕೋಟು ಯಾರದ್ದೆಂದು ಮೊಮ್ಮಕ್ಕಳು ಕೇಳ್ತಾರೆ. ಕೋಟು ಸ್ಟುಡಿಯೋದ್ದು, ಕ್ಲಿಪ್ಪೂ ಅವರದ್ದೇ. ಬೆನ್ನು ಮಾತ್ರ ನನ್ನದು ಅಂತೇನೆ.