ಶಾರದಕ್ಕನ ಟವೆಲು

ಕಳೆದ ವಾರ ಡೊಂಬಿವಲಿಯಲ್ಲಿ ನಮ್ಮ ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಏರಿಸಿ ಸೋಫಾದಲ್ಲಿ ಹೀರೋ ಥರ ಕೂತಿದ್ದರು. ಶಾರದಕ್ಕ ಕೈ ಒರೆಸಲು ಟವೆಲು ಕೊಟ್ಟಳು.

"ಇದು ಯಾರದ್ದು ಮಾರಾಯ್ತಿ?" ಎಂದರು ಭಾವ.

ಅಕ್ಕ ಈ ವಯಸ್ಸಿನಲ್ಲೂ ನಾಚಿಕೊಂಡಳು!

ಯಾಕೆಂದು ತಿಳಿಯಲು ನೀವು ಎಪ್ಪತ್ತರ ದಶಕದ ಉರಣ್‌ಗೆ ಬರಬೇಕು. (ಲಾಂಚಿನಲ್ಲಿ, ಕಡಲು ದಾಟಿ. ಹೊಟ್ಟೆ ತೊಳೆಸುವವರು ನಿಂಬೆಹಣ್ಣು ಹಿಡಿದುಕೊಳ್ಳಿ.) ಅಲ್ಲಿ ಕಡಲ ದಂಡೆಯ ಹತ್ತಿರ ಅಪ್ಪಯ್ಯನದೊಂದು ಸಣ್ಣ ಹೋಟೆಲು. ಮೇ ತಿಂಗಳು ಬಂತೆಂದರೆ ಠಾಣೆ, ಕಲ್ಯಾಣದ ಸಂಸಾರಗಳು ಊರವರ ಮನೆಗಳಲ್ಲಿ ರೂಮು ಹಿಡಿದು ಸಮುದ್ರಸ್ನಾನಕ್ಕೆ ಇಳಿಯುತ್ತಿದ್ದವು. ಇಡ್ಲಿಗೆ ನಮ್ಮಲ್ಲಿಗೇ ಬರಬೇಕು. ಎಂಥ ಗಲಾಟೆ, ಎಂಥ ಖುಷಿ!

ಒಂದು ಬೇಸಿಗೆ ಎಲ್ಲೆಲ್ಲೂ ಕಣ್ಣುಬೇನೆ. ಹಾಗಂತ ಊರು ಬಾಗಿಲು ಹಾಕಿತೇ? ಇಲ್ಲ. ರೂಮು ಕೊಟ್ಟವರು ಸಂಸಾರಕ್ಕೊಂದು ಬಕೆಟ್ ಬೇರೆ ಮಾಡಿದರು. ನಮ್ಮ ಬೆಂಚುಗಳು ಗಾಳಿಮರದ ಕೆಳಗೆ ಹೋದವು. ಟಾಂಗಾದವನೂ ಕಪ್ಪು ಕನ್ನಡಕ ಹಾಕಿದ. ಅಪ್ಪಯ್ಯ ವಾಶ್‌ಬೇಸಿನ್ ಪಕ್ಕದ ಸಾರ್ವಜನಿಕ ಟವೆಲು ಕಿತ್ತೆಸೆದರು. (ಅದರ ಮೂಲ ಬಣ್ಣ ಇಂದಿಗೂ ಯಾರಿಗೂ ಗೊತ್ತಿಲ್ಲ.) ಮನೆಯಲ್ಲಿ ತಲೆಗೊಂದು ಟವೆಲು. ಅಕ್ಕನೇ ಕೂತು ಎಲ್ಲದರ ಮೇಲೂ ಕೆಂಪು ನೂಲಿನಲ್ಲಿ ಹೆಸರು ಹೊಲಿದಳು.

ಆಮೇಲೆ ಬೇನೆ ಬಂದದ್ದು ಅವಳಿಗೇ. ಅದೂ ಯಾವಾಗ? ಕಲ್ಯಾಣದ ಹುಡುಗ ನೋಡಲು ಬರುವ ಹಿಂದಿನ ದಿನ! ಮೊದಲೇ ಎರಡು ಸಂಬಂಧ ತಪ್ಪಿತ್ತು. ಇನ್ನೊಂದು ದಿನ ಬನ್ನಿ ಅನ್ನೋಣವೆಂದರೆ, ಶಹಾಡಿನ ಫ್ಯಾಕ್ಟರಿಯಲ್ಲಿ ಹುಡುಗನಿಗೆ ಮತ್ತೆ ರಜೆ ಸಿಗುವಂತಿರಲಿಲ್ಲ.

"ಕನ್ನಡಕ ತೆಗೀಬೇಡ. ಎಲ್ರೂ ಹಾಕಿದ್ದಾರೆ, ಯಾರಿಗೂ ಗೊತ್ತಾಗುದಿಲ್ಲ" ಎಂದರು ಅಮ್ಮ.

ಹುಡುಗ ಮನೆಯವರ ಜೊತೆ ಬಂದ. ನಮ್ಮ ಪದ್ಧತಿಯಂತೆ ಅಕ್ಕ ಅಂಗಳದಲ್ಲಿ ಚೊಂಬು ನೀರು ಕೊಟ್ಟಳು. ಆತ ಕಾಲು ತೊಳೆದು, ಕನ್ನಡಕ ತೆಗೆದು, ಮುಖವನ್ನೂ ತೊಳೆದ. ಅಕ್ಕ ಗಾಬರಿಯಲ್ಲಿ ಹೆಗಲ ಮೇಲಿದ್ದ ಟವೆಲು ಕೊಟ್ಟುಬಿಟ್ಟಳು. ಅವಳದ್ದೇ! ಆತ ಒಂದು ಗಳಿಗೆ ಟವೆಲನ್ನೇ ನೋಡಿ, ಚೆನ್ನಾಗಿ ಮುಖ ಒರೆಸಿಕೊಂಡ.

ಅವರು ಹೋದ ಮೇಲೆ ಅಕ್ಕ ಅತ್ತದ್ದೇ ಅತ್ತದ್ದು. ನನಗೂ ಅಳು ಬಂತು. ಇದೂ ತಪ್ಪಿತು ಎಂದುಕೊಂಡೆವು.

ವಾರದೊಳಗೆ ಹುಡುಗನ ಇನ್‌ಲ್ಯಾಂಡ್ ಲೆಟರ್ ಬಂತು: "ನನಗೆ ಕಣ್ಣುಬೇನೆ. ಎರಡೂ ಕಣ್ಣು ಕೆಂಪು. ಹುಡುಗಿ ಒಪ್ಪಿಗೆ."

ಇಷ್ಟು ವರ್ಷ ಅದು ಅಕ್ಕನ ಅದೃಷ್ಟ ಎಂದೇ ತಿಳಿದಿದ್ದೆ. ಮೊನ್ನೆ ಕೇಳಿಯೇಬಿಟ್ಟೆ: "ಭಾವ, ನಿಮಗೆ ಆಗ ಗೊತ್ತೇ ಆಗ್ಲಿಲ್ವ?"

"ಗೊತ್ತಾಗದೆ ಎಂತ? ಟವೆಲಿನ ಮೇಲೆ ಶಾರದಾ ಅಂತ ಇತ್ತು. ಇವಳ ಕನ್ನಡಕದ ಕೆಳಗೆ ನೀರು ಇಳೀತಾ ಇತ್ತು. ಬೇಡ ಅಂತ ವಾಪಸ್ ಕೊಟ್ಟಿದ್ರೆ, ಅಷ್ಟು ಜನರೆದುರು ಇವಳ ಮುಖ ಎಂತ ಆಗ್ತಿತ್ತು?"

ಕೈಚೀಲದಲ್ಲಿ ಸ್ಯಾನಿಟೈಸರ್ ಇಟ್ಟುಕೊಂಡೇ ಓಡಾಡುವ ನನಗೆ ಒಂದೇ ಅನುಮಾನ: ಗೊತ್ತಿದ್ದೂ ಆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವವರು ಈಗ ನಮ್ಮಲ್ಲಿ ಎಷ್ಟು ಜನ ಇದ್ದೇವೆ?