ಮೈಕ್ ಕೀಯ ಕೆಂಪು ದೀಪ

ನನ್ನ ಲ್ಯಾಪ್‌ಟಾಪ್‌ನ ಮೇಲಿನ ಸಾಲಿನಲ್ಲಿ ಮೈಕ್ ಬಂದ್ ಮಾಡುವ ಕೀ ಒಂದಿದೆ. ಒತ್ತಿದರೆ ಅದರಲ್ಲಿ ಕೆಂಪು ದೀಪ ಹೊತ್ತಬೇಕು, ನಮ್ಮ ಮಾತು ಆಚೆಗೆ ಹೋಗುವುದು ನಿಲ್ಲಬೇಕು. ನಾನು ವರದಿಗಾರನಾಗಿರುವ ಪತ್ರಿಕೆಯವರು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿದ ಮೇಲೆ ದೀಪವೂ ಹೊತ್ತಲಿಲ್ಲ, ಮಾತೂ ನಿಲ್ಲಲಿಲ್ಲ. ಪರದೆಯ ಬೆಳಕು ಏರಿಸಿ ಇಳಿಸುವ ಕೀಗಳೂ ಕೆಲಸ ಮಾಡಲಿಲ್ಲ.

ಮೂಡಿಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನ ಬಳಿ ಒಯ್ದೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು.

“ಅಕ್ಷರದ ಕೀಗಳೇ ಬೇರೆ, ಇವೇ ಬೇರೆ ಮಾರಾಯ” ಎಂದ. “ಇವನ್ನ ಒತ್ತಿದ್ರೆ ಮಷೀನು ಒಂದು ನಂಬರ್ ಕಳಿಸ್ತದೆ. ಯಾವ ನಂಬರಿಗೆ ಯಾವ ಕೆಲಸ ಅಂತ ಕಂಪನಿಯವ್ರು ಹೇಳೋದಿಲ್ಲ. ನಾವೇ ನೋಡಿ ಡ್ರೈವರಿಗೆ, ಅಂದ್ರೆ ಕೀಗಳನ್ನ ನಡೆಸೋ ಸಾಫ್ಟ್‌ವೇರಿಗೆ, ಕಲಿಸ್ಬೇಕು.”

ಭಾನುವಾರಗಳಲ್ಲಿ ಹೋಗಿ ಕೂರುತ್ತಿದ್ದೆ. ನಾನು ಕೀ ಒತ್ತುವುದು, ಅವನು ಪರದೆಯಲ್ಲಿ ಬಂದ ನಂಬರನ್ನು ಡ್ರೈವರ್‌ಗೆ ಸೇರಿಸುವುದು. ಬೆಳಕಿನ ಕೀಗಳು ಬೇಗ ಸರಿಹೋದವು. ಮೈಕ್ ಕೀ ಬಹಳ ಸತಾಯಿಸಿತು. ಕೊನೆಗೆ ಒಂದು ದಿನ ಒತ್ತಿದಾಗ ದೀಪ ಹೊತ್ತಿತು.

“ಆಯ್ತು. ಇನ್ನು ಮೀಟಿಂಗಲ್ಲೇ ಎಡಿಟರಿಗೆ ಬಯ್ಕೊಂಡು ಕೂರಬಹುದು ನೀನು” ಎಂದು ನಕ್ಕ.

ಯಾವ ಸುದ್ದಿಯನ್ನೂ ಎರಡು ಕಡೆ ವಿಚಾರಿಸದೆ ಬರೆಯದ ನಾನು ಅವನ ಮಾತನ್ನು ಯಾರಲ್ಲೂ ವಿಚಾರಿಸಲಿಲ್ಲ.

ಜಾವಳಿ ಕಡೆಯ ಕಾಫಿ ಎಸ್ಟೇಟೊಂದರ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದರು. ವರದಿಗಾರರ ಆನ್‌ಲೈನ್ ಸಭೆ ನಡೆಯುತ್ತಿತ್ತು. ಕೀ ಒತ್ತಿದೆ, ದೀಪ ಹೊತ್ತಿತು. ಕೂಲಿಯವರು ಇರುವ ಲೈನ್ ಮನೆಗಳಿಗೆ ಬರುತ್ತಿದ್ದ ಒರತೆಯ ನೀರನ್ನು ಮಾಲೀಕರು ತಮ್ಮ ಹೋಂಸ್ಟೇಯ ಈಜುಕೊಳಕ್ಕೆ ತಿರುಗಿಸಿದ್ದಾರೆ ಎಂದು ಅವರು ಹೇಳತೊಡಗಿದರು. ಎಲ್ಲಿಂದ ಪೈಪು ಎಳೆದಿದ್ದಾರೆ, ಹೆಂಗಸರು ಈಗ ಎಲ್ಲಿಂದ ಹೊರುತ್ತಾರೆ, ಎಲ್ಲ ಹೇಳಿದರು.

“ನನ್ನ ಹೆಸರು ಮಾತ್ರ ಬೇಡ ಸರ್. ಇರೋದು ಅವ್ರು ಕೊಟ್ಟ ಕ್ವಾರ್ಟರ್ಸಲ್ಲಿ.”

“ಬರೋದಿಲ್ಲ” ಎಂದೆ.

ಆಗ ಲ್ಯಾಪ್‌ಟಾಪಿನಿಂದ ಕಳಸದ ವರದಿಗಾರನ ದನಿ ಬಂತು: “ನಿಮ್ಮ ಮೈಕ್ ಆನ್ ಇದೆ. ಎಲ್ಲ ಕೇಳ್ತಾ ಇದೆ.”

ಆ ವರದಿಗಾರ ಎಸ್ಟೇಟ್ ಮಾಲೀಕರಿಗೆ ನೆಂಟ. ರೈಟರಿಗೂ ಅದು ಗೊತ್ತಿತ್ತು. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸಂಜೆಯೇ ಮಾಲೀಕರು ಅವರಿಗೆ ಕೆಲಸ ಬಿಡುವಂತೆ ಹೇಳಿ ಕಳಿಸಿದರು.

ಮರುದಿನ ಮೂಡಿಗೆರೆಗೆ ಹೋದೆ. ಗೆಳೆಯ ಯಾವುದೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ. ಕೀ ಬಗ್ಗೆ ಕೇಳಿದಾಗ ತಲೆ ಎತ್ತಲಿಲ್ಲ.

“ಆ ನಂಬರ್ ಬಂದ್ರೆ ಡ್ರೈವರ್ ದೀಪ ಹಾಕ್ತದೆ, ಅಷ್ಟೇ. ಮೈಕ್ ಬಂದ್ ಮಾಡು ಅಂತ ಸಿಸ್ಟಮಿಗೆ ತಿಳಿಸೋದಿಲ್ಲ. ತಿಳಿಸೋ ಹಾಗೆ ಮಾಡಿದ್ರೆ ಮಷೀನು ಹ್ಯಾಂಗ್ ಆಗ್ತಿತ್ತು.”

“ಇದು ನಿನಗೆ ಅವತ್ತೇ ಗೊತ್ತಿತ್ತಾ?”

“ಆಮೇಲೆ ಸರಿ ಮಾಡುವ ಅಂತಿದ್ದೆ. ದೀಪ ಹೊತ್ತಿದ್ದಕ್ಕೇ ನೀನು ಅಷ್ಟು ಖುಷಿಯಾದೆ. ಆಗ ಹೇಳೋದು ಹೇಗೆ?” ಬೆಸುಗೆಯ ಕಡ್ಡಿ ಕೆಳಗಿಟ್ಟ. “ಪರದೆ ಮೇಲೂ ಮೈಕಿನ ಗುರುತು ಇರ್ತದಲ್ಲ ಮಾರಾಯ. ನೋಡ್ಬೇಕಿತ್ತು ನೀನು.”

ರೈಟರ ಕೆಲಸ ಹೋದದ್ದನ್ನು ಹೇಳಿದೆ. ಅವನು, “ಕೊಡು, ಈಗಲೇ ಸರಿ ಮಾಡ್ತೇನೆ” ಎಂದು ಕೈ ಚಾಚಿದ. ನಾನು ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಲಿಲ್ಲ.

ಅಲ್ಲಿಂದ ಜಾವಳಿಗೆ ಹೋದೆ. ರೈಟರ್ ಮನೆಯ ಸಾಮಾನನ್ನು ಜೀಪಿಗೆ ಏರಿಸುತ್ತಿದ್ದರು. ಕ್ಷಮೆ ಕೇಳಿದೆ. ಅವರು ಗಂಟೊಂದನ್ನು ಜೀಪಿನೊಳಗೆ ತಳ್ಳಿ, “ಸುದ್ದಿ ಹಾಕ್ತೀರಲ್ಲ?” ಎಂದರು.

“ಹಾಕ್ತೇನೆ.”

“ಹಾಗಾದ್ರೆ ನನ್ನ ಹೆಸರು ಹಾಕಿಯೇ ಬರೀರಿ. ಇನ್ನು ಮುಚ್ಚಿಡೋಕೆ ಏನುಂಟು?”

ಹೆಸರಿನ ಸಮೇತ ಸುದ್ದಿ ಬಂತು. ಬೆಳಗ್ಗೆ ಮೊದಲು ಫೋನ್ ಮಾಡಿದವನು ಮೂಡಿಗೆರೆಯ ಗೆಳೆಯ.

“ಓದಿದೆ. ಆ ಮನುಷ್ಯನಿಗೆ ಧೈರ್ಯ ಉಂಟು ಮಾರಾಯ” ಎಂದ.

“ಅವರಿಗೆ ಬೇರೆ ದಾರಿ ಇರಲಿಲ್ಲ” ಎಂದು ಹೇಳಿ ಫೋನ್ ಇಟ್ಟೆ.